ಅಜ್ಞಾತ ಘಾತಾಂಕದ ಲೆಕ್ಕಕ್ಕೆ ಕ್ಯಾಸಿಯೊ 991: ಸಾಲ್ವ್ ಗುಂಡಿಗಿಂತ ಲಾಗ್ ಗುಂಡಿ ಮೇಲು

ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಎಂಬ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೊಸದಾಗಿ ಪರಿಚಯಿಸಬೇಕಾದ ಅಗತ್ಯವಿಲ್ಲ. ಮೊದಲ ಸೆಮಿಸ್ಟರಿಗೆ ಸೇರುವವರು ಕೊಳ್ಳುವ ಸಾಮಾನುಗಳಲ್ಲಿ ಅದು ಹಲವು ವರ್ಷಗಳಿಂದ ಕಾಯಂ ಸ್ಥಾನ ಪಡೆದಿದೆ. ಅದರ ಡಬ್ಬಿಯ ಮೇಲೆ 417 ಫಂಕ್ಷನ್‌ಗಳಿವೆ ಎಂದು ಬರೆದಿರುತ್ತದೆ. ಅಷ್ಟನ್ನೂ ಪರೀಕ್ಷಿಸಿ ಹೇಳುವ ಉದ್ದೇಶ ಈ ವಿಮರ್ಶೆಗಿಲ್ಲ. ಬೀಜಗಣಿತದ ಒಂದೇ ಒಂದು ಕೆಲಸವನ್ನು, ಅಂದರೆ ಘಾತಾಂಕವೇ ಅಜ್ಞಾತವಾಗಿರುವ ಸಮೀಕರಣವನ್ನು ಬಿಡಿಸುವ ಕೆಲಸವನ್ನು, ಈ ಯಂತ್ರ ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ. ಬರೆಯುವ ಅನುಕೂಲಕ್ಕಾಗಿ ಅಜ್ಞಾತವನ್ನು ‘ಕ್ಷ’ ಎಂದೂ, ಘಾತವನ್ನು ^ ಗುರುತಿನಿಂದಲೂ ಸೂಚಿಸುತ್ತೇನೆ. ಹಾಗಾಗಿ 2^ಕ್ಷ = 32 ಎಂದರೆ ‘2ನ್ನು ಯಾವ ಘಾತಕ್ಕೆ ಏರಿಸಿದರೆ 32 ಬರುತ್ತದೆ’ ಎಂಬ ಪ್ರಶ್ನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಲೆಕ್ಕಗಳಿಗಾಗಿ ಈ ಕ್ಯಾಲ್ಕುಲೇಟರನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಸಾಲ್ವ್ ಸೌಲಭ್ಯಕ್ಕೆ, ಅಂದರೆ ಟೈಪ್ ಮಾಡಿದ ಸಮೀಕರಣವನ್ನು ಯಂತ್ರವೇ ಬಿಡಿಸಿಕೊಡುವ ಸೌಲಭ್ಯಕ್ಕೆ, ಮರುಳಾಗಿ ಕೊಳ್ಳುತ್ತಾರೆ. ಆದರೆ ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುವುದು ಅದೇ ಯಂತ್ರದ ಲಾಗ್ ಗುಂಡಿ ಮತ್ತು ಟೇಬಲ್ ಮೋಡ್. ಸಾಲ್ವ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಒಳಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ಬಳಸಿದಾಗ ಅದು ಎಡವುವ ಜಾಗಗಳಲ್ಲಿ ಘಾತಾಂಕದ ಸಮೀಕರಣಗಳಿಗೇ ಅಗ್ರಸ್ಥಾನ.

ಮೊದಲು ಸಮೀಕರಣವನ್ನು ಒಳಗೆ ಕೊಡುವ ಬಗೆಯನ್ನು ನೋಡೋಣ. ಈ ಮಾದರಿಯ ಪರದೆಯಲ್ಲಿ ಘಾತಾಂಕವು ಪಠ್ಯಪುಸ್ತಕದಲ್ಲಿ ಇರುವಂತೆಯೇ ಮೇಲಕ್ಕೆ, ಚಿಕ್ಕ ಅಕ್ಷರದಲ್ಲಿ ಕೂರುತ್ತದೆ. ಹಳೆಯ ಎರಡು ಸಾಲಿನ ಎಂಎಸ್ ಮಾದರಿಗಳಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತಿದ್ದುದರಿಂದ 2^(ಕ್ಷ+1) ಎಂದು ಆವರಣ ಹಾಕದಿದ್ದರೆ ಯಂತ್ರ ಅದನ್ನು 2^ಕ್ಷ + 1 ಎಂದು ಓದಿಕೊಳ್ಳುತ್ತಿತ್ತು. ಆ ತೊಂದರೆ ಇಲ್ಲಿಲ್ಲ. ಅದಕ್ಕೆ ಬದಲಾಗಿ ಇನ್ನೊಂದು ಇದೆ. ಘಾತಾಂಕದ ಚೌಕಕ್ಕೆ ಒಮ್ಮೆ ಹೋದ ಕರ್ಸರ್, ಬಲಬಾಣವನ್ನು ಒತ್ತುವ ತನಕ ಅಲ್ಲೇ ಇರುತ್ತದೆ. 2^ಕ್ಷ + 3 = 35 ಎಂಬ ಸಮೀಕರಣವನ್ನು ಕೊಡುವಾಗ ಬಾಣವನ್ನು ಒತ್ತುವುದು ತಡವಾದರೆ ‘+3’ ಕೂಡ ಘಾತಾಂಕದೊಳಗೆ ಸೇರಿ 2^(ಕ್ಷ+3) = 35 ಆಗುತ್ತದೆ. ಆಗ 5 ಬರಬೇಕಾದಲ್ಲಿ ಸುಮಾರು 2.129 ಬರುತ್ತದೆ. ಉತ್ತರದ ಕೆಳಗೆ ‘ಎಲ್−ಆರ್ = 0’ ಎಂಬ ಸಾಲೂ ಕಾಣಿಸುತ್ತದೆ. ಈ ಸಾಲು ಹೇಳುವುದು ಸಮೀಕರಣದ ಎಡಬದಿಗೂ ಬಲಬದಿಗೂ ಇರುವ ವ್ಯತ್ಯಾಸವನ್ನು. ಅಂದರೆ, ನಾವು ಟೈಪ್ ಮಾಡಿದ ಸಮೀಕರಣಕ್ಕೆ ಉತ್ತರ ಹೊಂದುತ್ತದೆ ಎಂದಷ್ಟೇ ಅದರ ಅರ್ಥ. ನಾವು ಕೇಳಬೇಕೆಂದಿದ್ದ ಪ್ರಶ್ನೆ ಯಾವುದೆಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಸೊನ್ನೆ ಕಂಡೊಡನೆ ನಿಶ್ಚಿಂತರಾಗುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೇರೂರಿರುವುದರಿಂದ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಸಮಚಿಹ್ನೆಯನ್ನು ಆಲ್ಫಾ ಮತ್ತು ಕ್ಯಾಲ್ಕ್ ಗುಂಡಿಗಳಿಂದ ಬರೆದು, ಬಳಿಕ ಶಿಫ್ಟ್ ಮತ್ತು ಕ್ಯಾಲ್ಕ್ ಒತ್ತಿದರೆ ಸಾಲ್ವ್ ಶುರುವಾಗುತ್ತದೆ. ಅದು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಕ್ಷದ ಒಂದು ಆರಂಭಿಕ ಬೆಲೆಯನ್ನು ಕೇಳುತ್ತದೆ. ಬಳಕೆದಾರರಲ್ಲಿ ಹೆಚ್ಚಿನವರು ಇಲ್ಲಿ ಏನನ್ನೂ ಯೋಚಿಸದೆ ಸಮಚಿಹ್ನೆಯ ಗುಂಡಿಯನ್ನು ಒತ್ತಿಬಿಡುತ್ತಾರೆ. ಆಗ ಹಿಂದಿನ ಲೆಕ್ಕದಿಂದ ಯಂತ್ರದ ನೆನಪಿನಲ್ಲಿ ಉಳಿದಿದ್ದ ಬೆಲೆಯೇ ಆರಂಭಬಿಂದುವಾಗುತ್ತದೆ. ಅಕ್ಕಪಕ್ಕ ಕುಳಿತ ಇಬ್ಬರು ಒಂದೇ ಸಮೀಕರಣವನ್ನು ಒಂದೇ ಮಾದರಿಯ ಯಂತ್ರಕ್ಕೆ ಕೊಟ್ಟು ಬೇರೆ ಬೇರೆ ಉತ್ತರ ಪಡೆಯುವುದಕ್ಕೆ ಇದಕ್ಕಿಂತ ದೊಡ್ಡ ರಹಸ್ಯವೇನೂ ಬೇಕಿಲ್ಲ.

ಆರಂಭದ ಬೆಲೆಗೆ ಇಷ್ಟು ಮಹತ್ವ ಏಕೆಂದರೆ, ಸಾಲ್ವ್ ನಡೆಯುವುದು ನ್ಯೂಟನ್ನನ ವಿಧಾನದಲ್ಲಿ. ಕಂಪನಿಯ ಕೈಪಿಡಿಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಊಹಿಸಿದ ಬಿಂದುವಿನಲ್ಲಿ ವಕ್ರರೇಖೆಗೆ ಒಂದು ಸ್ಪರ್ಶಕವನ್ನೆಳೆದು, ಆ ಸ್ಪರ್ಶಕ ಕ್ಷ-ಅಕ್ಷವನ್ನು ಕಡಿಯುವ ಜಾಗವನ್ನು ಮುಂದಿನ ಊಹೆಯಾಗಿ ತೆಗೆದುಕೊಂಡು, ಹೀಗೆಯೇ ಮುಂದುವರಿಯುತ್ತಾ ಉತ್ತರದ ಸಮೀಪಕ್ಕೆ ಬರುವುದು ಆ ವಿಧಾನ. ಸಾಧಾರಣ ಬಹುಪದಗಳಿಗೆ ಇದು ಸೊಗಸಾಗಿ ಒದಗುತ್ತದೆ. ಘಾತಾಂಕದ ರೇಖೆಯ ಸ್ವಭಾವ ಮಾತ್ರ ಬೇರೆ: ಎಡಭಾಗದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಬಹುತೇಕ ಮಟ್ಟಸವಾಗಿ ಸಾಗಿ, ಬಲಭಾಗದಲ್ಲಿ ಗೋಡೆಯಂತೆ ಏಳುತ್ತದೆ. ಮಟ್ಟಸವಾದ ಜಾಗದಲ್ಲಿ ಎಳೆದ ಸ್ಪರ್ಶಕ ಅಕ್ಷವನ್ನು ಕಡಿಯುವುದು ಬಹಳ ದೂರದಲ್ಲಿ. ಕೈಪಿಡಿಯು ಈ ವಿಧಾನದಿಂದ ಬಿಡಿಸಲು ಕಷ್ಟವಾಗಬಹುದಾದ ಬಗೆಗಳೆಂದು ಸೈನ್, ವರ್ಗಮೂಲ ಮತ್ತು ಘಾತೀಯ ಫಂಕ್ಷನ್‌ಗಳನ್ನು ಹೆಸರಿಸಿರುವುದು ಇದೇ ಕಾರಣಕ್ಕೆ. ಡಬ್ಬಿಯೊಳಗಿನ ಆ ಮಡಿಚಿದ ಕಾಗದವನ್ನು ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು.

2^ಕ್ಷ = 32 ಎಂಬ ಸರಳ ಸಮೀಕರಣವನ್ನೇ ಕಾಗದದ ಮೇಲೆ ಈ ವಿಧಾನದಲ್ಲಿ ಬಿಡಿಸಿ ನೋಡಿದರೆ ಸಂಗತಿ ಕಣ್ಣಿಗೆ ಕಟ್ಟುತ್ತದೆ. ಆರಂಭದ ಬೆಲೆ 0 ಎಂದು ಕೊಂಡರೆ ಎಡಬದಿ 1, ಕೊರತೆ 31. ಅಲ್ಲಿನ ಇಳಿಜಾರು ಕೇವಲ 0.693. ಹೆಜ್ಜೆಯ ಉದ್ದ ಕೊರತೆಯನ್ನು ಇಳಿಜಾರಿನಿಂದ ಭಾಗಿಸಿದಷ್ಟು; ಹಾಗಾಗಿ ಮೊದಲ ಹೆಜ್ಜೆಯಲ್ಲೇ ಊಹೆಯು 5ನ್ನು ದಾಟಿ 44.7ಕ್ಕೆ ಹಾರುತ್ತದೆ. ಅಲ್ಲಿಂದ ಹಿಂದಕ್ಕೆ ಬರುವುದು ಇನ್ನೂ ನಿಧಾನ. 2^ಕ್ಷದ ಬೆಲೆ 32ಕ್ಕೆ ಹೋಲಿಸಿದರೆ ತೀರ ದೊಡ್ಡದಾಗಿರುವಾಗ ಪ್ರತಿ ಹೆಜ್ಜೆಯೂ 1ನ್ನು 0.693ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.44ರಷ್ಟೇ ಹಿಂದೆ ಸರಿಯುತ್ತದೆ. 40ರಷ್ಟು ದೂರವನ್ನು ಹೀಗೆ ಕ್ರಮಿಸಲು ಇಪ್ಪತ್ತೈದಕ್ಕೂ ಹೆಚ್ಚು ಹೆಜ್ಜೆಗಳು ಬೇಕು. ಯಂತ್ರಕ್ಕೆ ಅದು ಕಷ್ಟವೇನಲ್ಲ, ನಾವು ಅರೆಕ್ಷಣ ಕಾಯುತ್ತೇವೆ ಅಷ್ಟೆ. ಆದರೆ ಬಲಬದಿಯಲ್ಲಿ 32ರ ಜಾಗದಲ್ಲಿ 1000 ಇದ್ದರೆ ಮೊದಲ ಹಾರಿಕೆ 1441ಕ್ಕೆ ಹೋಗಿ ಮುಟ್ಟುತ್ತದೆ. 2ರ 1441ನೆಯ ಘಾತದಲ್ಲಿ 434 ಅಂಕಿಗಳಿರುತ್ತವೆ. ಈ ಕ್ಯಾಲ್ಕುಲೇಟರ್ ಹಿಡಿದಿಡಬಲ್ಲ ಸಂಖ್ಯೆಗಳ ಮೇಲ್ಮಿತಿ ಇರುವುದು 10¹⁰⁰ರ ಒಳಗೆ. ಒಳಗಿನ ಪ್ರೋಗ್ರಾಮಿನಲ್ಲಿ ಇಂಥ ಹಾರಿಕೆಗೆ ಕಡಿವಾಣ ಹಾಕುವ ಉಪಾಯವಿದ್ದರೂ, ಕೆಲವು ಸಮೀಕರಣಗಳಲ್ಲಿ ‘ಕಾಂಟ್ ಸಾಲ್ವ್’ ಎಂಬ ಸಂದೇಶ ಕಂಡಾಗ ಸಮೀಕರಣಕ್ಕೆ ಪರಿಹಾರವೇ ಇಲ್ಲವೆಂದು ತೀರ್ಮಾನಿಸಬಾರದು ಎಂಬುದಕ್ಕೆ ಈ ಉದಾಹರಣೆ ಸಾಕು.

ಇದಕ್ಕೆ ಒಂದು ಸುಲಭವಾದ ಮದ್ದು ಇದೆ. ಆಧಾರವು, ಅಂದರೆ ಘಾತಕ್ಕೆ ಏರಿಸುವ ಸಂಖ್ಯೆಯು, 1ಕ್ಕಿಂತ ದೊಡ್ಡದಾಗಿದ್ದು, ಒಂದು ಬದಿಯಲ್ಲಿ ಬರಿಯ ಘಾತವೂ ಇನ್ನೊಂದು ಬದಿಯಲ್ಲಿ ಧನಸಂಖ್ಯೆಯೂ ಇರುವಾಗ, ಆರಂಭದ ಬೆಲೆಯನ್ನು ನಿಜವಾದ ಉತ್ತರಕ್ಕಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಬೇಕು. 3^ಕ್ಷ = 20 ಎಂಬಲ್ಲಿ 3ರ ವರ್ಗ 9, ಘನ 27 ಎಂದು ಗೊತ್ತಿರುವುದರಿಂದ 3 ಎಂದು ಕೊಡಬಹುದು. ಆಗ ಊಹೆಯು 2.764ಕ್ಕೆ, ಅಲ್ಲಿಂದ 2.7276ಕ್ಕೆ, ಮುಂದಿನ ಹೆಜ್ಜೆಯಲ್ಲಿ 2.7268ಕ್ಕೆ ಇಳಿದು ನಿಲ್ಲುತ್ತದೆ. 2^ಕ್ಷ = 1000ಕ್ಕೆ 10 ಎಂದು ಕೊಟ್ಟರೆ ಒಂದೇ ಹೆಜ್ಜೆಯಲ್ಲಿ 9.966ಕ್ಕೆ ಬರುತ್ತದೆ. ಆದರೆ ಉತ್ತರ ಎಲ್ಲಿದೆಯೆಂದು ಇಷ್ಟು ಹತ್ತಿರದಿಂದ ಗುರುತಿಸಬಲ್ಲವರಿಗೆ ಸಾಲ್ವ್‌ನ ಹಂಗೇ ಬೇಕಾಗುವುದಿಲ್ಲ ಎಂಬ ವಿಪರ್ಯಾಸವೂ ಇಲ್ಲಿದೆ.

ಏಕೆಂದರೆ ಇಂಥ ಸಮೀಕರಣಗಳಿಗೆ ನೇರವಾದ ದಾರಿ ಅದೇ ಯಂತ್ರದ ಮುಖದ ಮೇಲಿದೆ. ಆಧಾರವನ್ನೂ ಸಂಖ್ಯೆಯನ್ನೂ ತುಂಬಲು ಎರಡು ಖಾಲಿ ಚೌಕಗಳಿರುವ ಲಾಗ್ ಗುಂಡಿ ಈ ಮಾದರಿಯ ನಿಜವಾದ ಹೆಚ್ಚುಗಾರಿಕೆ. ಆಧಾರವನ್ನು ಯಾವ ಘಾತಕ್ಕೆ ಏರಿಸಿದರೆ ಆ ಸಂಖ್ಯೆ ಬರುತ್ತದೆ ಎಂಬುದನ್ನೇ ಲಾಗ್ ಹೇಳುತ್ತದೆ. ಆಧಾರ 2, ಸಂಖ್ಯೆ 32 ಎಂದು ತುಂಬಿದರೆ 5 ಬರುತ್ತದೆ. ಊಹೆಯಿಲ್ಲ, ಹಾರಿಕೆಯಿಲ್ಲ, ಹಿಂದಿನ ಲೆಕ್ಕದ ನೆರಳೂ ಇಲ್ಲ. 32ನ್ನು ಐದು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ; ಸಂಖ್ಯೆಯೊಂದನ್ನು ಹೀಗೆ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಪ್ರಶ್ನೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 9ನೆಯ ಶತಮಾನದ ಆರಂಭದ ಜೈನ ಮುನಿ ವೀರಸೇನಾಚಾರ್ಯರು ಜೈನ ಆಗಮಕ್ಕೆ ಬರೆದ ಧವಲಾ ಎಂಬ ಟೀಕೆಯಲ್ಲಿ ಇದೇ ಎಣಿಕೆ ಅರ್ಧಚ್ಛೇದವೆಂಬ ಹೆಸರಿನಲ್ಲಿದೆ, ಮೂರರಿಂದ ಭಾಗಿಸುತ್ತಾ ಹೋಗುವ ಎಣಿಕೆಯೂ ಇದೆ. ಆ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ. ಹಳೆಯದಾದ ಇಮ್ಮಡಿ ಘಾತಗಳ ಲೆಕ್ಕವನ್ನು ಯಾವ ಆಧಾರಕ್ಕೂ, ಯಾವ ಧನಸಂಖ್ಯೆಗೂ ವಿಸ್ತರಿಸಿ ಕೊಡುವ ಕೆಲಸವನ್ನು ಈ ಗುಂಡಿ ಮಾಡುತ್ತದೆ.

ಅಜ್ಞಾತವು ಎರಡೂ ಬದಿಗಳಲ್ಲಿ ಇದ್ದಾಗ ಸ್ವಲ್ಪ ಬೀಜಗಣಿತ ಬೇಕಾಗುತ್ತದೆ, ಮತ್ತು ಆ ಸ್ವಲ್ಪವನ್ನು ನಾವೇ ಮಾಡಿಕೊಳ್ಳುವುದು ಲಾಭದಾಯಕ. 2^(ಕ್ಷ+1) = 3^ಕ್ಷ ಎಂಬುದಕ್ಕೆ ಎರಡು ಬದಿಗೂ ಲಾಗ್ ತೆಗೆದುಕೊಂಡರೆ (ಕ್ಷ+1) ಲಾಗ್ 2 = ಕ್ಷ ಲಾಗ್ 3 ಎಂದಾಗಿ, ಘಾತಾಂಕದ ಸ್ಥಾನದಲ್ಲಿದ್ದ ಅಜ್ಞಾತ ನೆಲಕ್ಕಿಳಿಯುತ್ತದೆ. ಉಳಿಯುವುದು ಎಂಟನೆಯ ತರಗತಿಯ ಸರಳ ಸಮೀಕರಣ: ಲಾಗ್ 2ನ್ನು, ಲಾಗ್ 3 ಮತ್ತು ಲಾಗ್ 2ರ ವ್ಯತ್ಯಾಸದಿಂದ ಭಾಗಿಸಬೇಕು. ಯಂತ್ರದಲ್ಲಿ ಅಷ್ಟನ್ನೇ ಒತ್ತಿದರೆ 1.7095 ಬರುತ್ತದೆ. ಇನ್ನು 8^(ಕ್ಷ−1) = 4^(ಕ್ಷ+1) ಎಂಬಂಥ ಸಮೀಕರಣಕ್ಕೆ ಯಂತ್ರವನ್ನು ಚೀಲದಿಂದ ತೆಗೆಯುವುದೇ ವ್ಯರ್ಥ. ಎರಡನ್ನೂ 2ರ ಘಾತಗಳಾಗಿ ಬರೆದರೆ 3ಕ್ಷ − 3 = 2ಕ್ಷ + 2, ಆದ್ದರಿಂದ ಕ್ಷ = 5; ಎರಡೂ ಬದಿ 4096 ಆಗುವುದನ್ನು ಬಾಯಲ್ಲೇ ಸರಿನೋಡಬಹುದು. ಈ ಲೆಕ್ಕವನ್ನು ಸಾಲ್ವ್‌ಗೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ, ಘಾತಾಂಕದ ನಿಯಮಗಳನ್ನು ಬಲ್ಲವರು ಮುಂದಿನ ಪ್ರಶ್ನೆಯಲ್ಲಿರುತ್ತಾರೆ.

ಲಾಗ್ ಗುಂಡಿಯ ಮೌಲ್ಯ ತರಗತಿಯ ಹೊರಗೂ ಕಾಣುತ್ತದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರದ ಬಡ್ಡಿದರ 2023ರ ಏಪ್ರಿಲ್‌ನಲ್ಲಿ ಶೇಕಡಾ 7.5 ಆದಾಗ, ಹಣ ಇಮ್ಮಡಿಯಾಗುವ ಅವಧಿಯನ್ನು 115 ತಿಂಗಳು ಎಂದು ಪ್ರಕಟಿಸಲಾಯಿತು. ಈ 115 ಎಲ್ಲಿಂದ ಬಂತು ಎಂದು ಕೇಳಿದರೆ, 1.075^ಕ್ಷ = 2 ಎಂಬ ಸಮೀಕರಣ ನಮ್ಮೆದುರು ನಿಲ್ಲುತ್ತದೆ. ಆಧಾರ 1.075, ಸಂಖ್ಯೆ 2 ಎಂದು ಲಾಗ್ ಚೌಕಗಳಲ್ಲಿ ತುಂಬಿದರೆ 9.5844 ವರ್ಷ, ಹನ್ನೆರಡರಿಂದ ಗುಣಿಸಿದರೆ 115.01 ತಿಂಗಳು. ಸರ್ಕಾರದ ಪ್ರಕಟಣೆಯ ಸಂಖ್ಯೆಯೊಂದು ಹೀಗೆ ಎರಡು ಗುಂಡಿಗಳಲ್ಲಿ ತಾಳೆಯಾಗುವುದು ಗಣಿತ ಕಲಿಯುವವರಿಗೆ ಯಾವ ಪಾಠಕ್ಕಿಂತಲೂ ಹೆಚ್ಚಿನ ಸಂತೋಷ ಕೊಡುತ್ತದೆಂದು ನನ್ನ ಅನುಭವ. ಪಿಯುಸಿ ಪ್ರಯೋಗಾಲಯದಲ್ಲಿ ಬಳಸುವ ನಾಲ್ಕು ಅಂಕಿಗಳ ಲಾಗ್ ಕೋಷ್ಟಕವೂ ಇಲ್ಲಿ ಸೋಲುವುದಿಲ್ಲ: 0.3010ನ್ನು 0.0314ರಿಂದ ಭಾಗಿಸಿದರೆ 9.586, ತಿಂಗಳಲ್ಲಿ ಅದೇ 115.

ಲಾಗ್ ಕೈಕೊಡುವ ಸಮೀಕರಣಗಳೂ ಇವೆ ಎಂಬುದನ್ನು ಒಪ್ಪಬೇಕು. ಅಜ್ಞಾತವು ಒಂದು ಕಡೆ ಘಾತಾಂಕವಾಗಿಯೂ ಇನ್ನೊಂದು ಕಡೆ ಆಧಾರವಾಗಿಯೂ ಬಂದರೆ ಲಾಗ್ ತೆಗೆದುಕೊಂಡರೂ ಅದು ಬಿಡುಗಡೆಯಾಗುವುದಿಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ 2^ಕ್ಷ = ಕ್ಷ². ಕಣ್ಣಳತೆಯಲ್ಲೇ 2 ಮತ್ತು 4 ಎಂಬ ಉತ್ತರಗಳು ಹೊಳೆಯುತ್ತವೆ, ಹೆಚ್ಚಿನವರು ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಸಾಲ್ವ್ ಇಲ್ಲಿ ಅನಿವಾರ್ಯ, ಮತ್ತು ಅದರ ಚಂಚಲತೆ ಪೂರ್ತಿಯಾಗಿ ಬಯಲಾಗುವುದೂ ಇಲ್ಲಿಯೇ. ನ್ಯೂಟನ್ ವಿಧಾನದ ಲೆಕ್ಕದಂತೆ 1ರಿಂದ ಹೊರಟರೆ ಉತ್ತರ 2, 5ರಿಂದ ಹೊರಟರೆ 4. ಎರಡರ ನಟ್ಟನಡುವಿನ 3ರಿಂದ ಹೊರಟರೆ ಊಹೆಯು ಮೊದಲು 0.80ಕ್ಕೆ ಜಿಗಿದು, ಅಲ್ಲಿಂದ 3.59ಕ್ಕೆ ಮರಳಿ, ಕೊನೆಗೆ 4ರಲ್ಲಿ ನೆಲೆಗೊಳ್ಳುತ್ತದೆ. 0ಯಿಂದ ಹೊರಟರೆ ಯಾರೂ ನಿರೀಕ್ಷಿಸದ −0.7666646959 ಎಂಬ ಮೂರನೆಯ ಮೂಲ ಸಿಗುತ್ತದೆ. ಮೂರೂ ಸರಿಯಾದ ಉತ್ತರಗಳೇ, ಮೂರಕ್ಕೂ ಎಲ್−ಆರ್ ಸೊನ್ನೆಯೇ. ಆದರೆ ಸಾಲ್ವ್ ಒಂದು ಸಲಕ್ಕೆ ಒಂದನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತದೆ. ಇನ್ನೂ ಇವೆ ಎಂಬ ಸುಳಿವನ್ನೂ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸೌಲಭ್ಯದ ಅತಿ ದೊಡ್ಡ ಕೊರತೆ ಇದು, ನಿಧಾನಕ್ಕಿಂತಲೂ ದೊಡ್ಡದು.

ಈ ಕೊರತೆಯನ್ನು ತುಂಬುವುದು ಬಹುಪಾಲು ಬಳಕೆದಾರರು ಮುಟ್ಟದೇ ಬಿಡುವ ಟೇಬಲ್ ಮೋಡ್. ಮೋಡ್ ಗುಂಡಿಯ ನಂತರ 7ನ್ನು ಒತ್ತಿ, ಫಂಕ್ಷನ್ ಜಾಗದಲ್ಲಿ 2^ಕ್ಷ − ಕ್ಷ² ಎಂದು ಬರೆದು, ಆರಂಭ −2, ಕೊನೆ 5, ಹೆಜ್ಜೆ 1 ಎಂದು ಕೊಟ್ಟರೆ ಎಂಟು ಸಾಲುಗಳ ಒಂದು ಪಟ್ಟಿ ಮೂಡುತ್ತದೆ. ಅದರಲ್ಲಿ ಕ್ರಮವಾಗಿ −3.75, −0.5, 1, 1, 0, −1, 0, 7 ಎಂಬ ಬೆಲೆಗಳನ್ನು ಕಾಣುತ್ತೇವೆ. ಎರಡು ಕಡೆ ಸೊನ್ನೆ ನೇರವಾಗಿಯೇ ಕೂತಿದೆ; ಜೊತೆಗೆ −1ರಲ್ಲಿ ಋಣವಾಗಿದ್ದ ಬೆಲೆ 0ಯಲ್ಲಿ ಧನವಾಗಿರುವುದರಿಂದ ಆ ನಡುವೆ ಇನ್ನೊಂದು ಮೂಲ ಅಡಗಿದೆ ಎಂಬುದು ತಪ್ಪಿಸಿಕೊಳ್ಳುವಂತೆಯೇ ಇಲ್ಲ. ಆಮೇಲೆ −1ನ್ನು ಆರಂಭದ ಬೆಲೆಯಾಗಿ ಕೊಟ್ಟು ಸಾಲ್ವ್ ಬಳಸಿದರೆ ಅದು ಎರಡು ಮೂರು ಹೆಜ್ಜೆಗಳಲ್ಲಿ ಮೂಲದ ಸಮೀಪಕ್ಕೆ ಬರುತ್ತದೆ. ಮೊದಲು ಟೇಬಲ್, ನಂತರ ಸಾಲ್ವ್ ಎಂಬ ಕ್ರಮದಲ್ಲಿ ಬಳಸಿದಾಗ ಮಾತ್ರ ಈ ಯಂತ್ರದ ಎರಡು ಅಂಗಗಳೂ ಒಂದಕ್ಕೊಂದು ಪೂರಕವಾಗಿ ಕೆಲಸ ಮಾಡುತ್ತವೆ. ಪಟ್ಟಿಯ ಉದ್ದಕ್ಕೆ 30 ಸಾಲುಗಳ ಮಿತಿಯಿದೆ, ಪರದೆಯಲ್ಲಿ ಒಮ್ಮೆಗೆ ಕೆಲವೇ ಸಾಲುಗಳು ಕಾಣುತ್ತವೆ. ಶಾಲಾ ಮಟ್ಟದ ಸಮೀಕರಣಗಳಿಗೆ ಅದು ಅಡ್ಡಿಯಾಗುವುದಿಲ್ಲ. ಹಾಗೆಂದು ಪಟ್ಟಿಯಲ್ಲಿ ಚಿಹ್ನೆ ಬದಲಾಗದ ಕಡೆ ಮೂಲವೇ ಇಲ್ಲವೆಂದು ಶಪಥ ಮಾಡುವಂತಿಲ್ಲ, ಹೆಜ್ಜೆ ದೊಡ್ಡದಾದಾಗ ಎರಡು ಮೂಲಗಳು ಅದರ ಸಂದಿಯಲ್ಲಿ ನುಸುಳಿಹೋಗಬಹುದು.

ವರ್ಗ ಸಮೀಕರಣದ ವೇಷದಲ್ಲಿ ಬರುವ ಘಾತಾಂಕದ ಲೆಕ್ಕಗಳಿಗೆ ಯಂತ್ರದ ಈಕ್ವೇಶನ್ ಮೋಡ್ ಒದಗುತ್ತದೆ. 4^ಕ್ಷ − 12 × 2^ಕ್ಷ + 32 = 0 ಎಂಬಲ್ಲಿ 2^ಕ್ಷವನ್ನು ‘ಯ’ ಎಂದು ಇಟ್ಟುಕೊಂಡರೆ ಯ² − 12ಯ + 32 = 0 ಆಗುತ್ತದೆ. 1, −12, 32 ಎಂಬ ಸಹಗುಣಕಗಳನ್ನು ಕೊಟ್ಟರೆ 8 ಮತ್ತು 4 ಬರುತ್ತವೆ; ಅವುಗಳಿಂದ ಕ್ಷ = 3 ಮತ್ತು 2. ಇಲ್ಲಿ ಯಂತ್ರ ಎರಡೂ ಮೂಲಗಳನ್ನು ತಪ್ಪದೆ ಕೊಡುತ್ತದೆಂಬುದು ಸಾಲ್ವ್‌ಗಿಂತ ಇದರ ಮೇಲುಗೈ. ಆದರೆ ವಿವೇಚನೆಯ ಕೆಲಸ ನಮ್ಮದೇ. 4^ಕ್ಷ − 2^ಕ್ಷ − 12 = 0ಕ್ಕೆ ಇದೇ ಕ್ರಮದಲ್ಲಿ 4 ಮತ್ತು −3 ಬರುತ್ತವೆ. 2ರ ಯಾವ ನೈಜ ಘಾತವೂ ಋಣವಾಗದ ಕಾರಣ −3ನ್ನು ಕೈಬಿಡಬೇಕೆಂದು ಯಂತ್ರ ಹೇಳುವುದಿಲ್ಲ. ಅದನ್ನು ಲಾಗ್ ಚೌಕಕ್ಕೆ ತುಂಬಿದರೆ ‘ಮ್ಯಾಥ್ ಎರರ್’ ಎಂಬ ಸಂದೇಶ ಬರುತ್ತದೆ, ಮತ್ತು ವಿದ್ಯಾರ್ಥಿಗಳು ಅದನ್ನು ಯಂತ್ರದ ಸಿಡುಕೆಂದು ಭಾವಿಸಿ ಎಸಿ ಗುಂಡಿಯನ್ನು ಒತ್ತಿಬಿಡುತ್ತಾರೆ. ಈ ಸಂದರ್ಭದಲ್ಲಿ ಆ ಸಂದೇಶವೇ ಉತ್ತರ.

ಇದಕ್ಕೆ ವಿರುದ್ಧವಾದ ಮೋಸವೂ ಒಂದಿದೆ. 2^ಕ್ಷ = 0 ಎಂಬುದಕ್ಕೆ ಪರಿಹಾರವಿಲ್ಲವೆಂಬುದು ಪಠ್ಯದ ಮೊದಲ ಪಾಠ; ಘಾತಾಂಕ ಎಷ್ಟೇ ಕೆಳಗಿಳಿದರೂ ಬೆಲೆ ಸೊನ್ನೆಯನ್ನು ಸಮೀಪಿಸುತ್ತದೆಯೇ ಹೊರತು ಮುಟ್ಟುವುದಿಲ್ಲ. ಆದರೆ 10⁻⁹⁹ಕ್ಕಿಂತ ಚಿಕ್ಕದಾದ ಧನಸಂಖ್ಯೆಗಳನ್ನು ಹಿಡಿದಿಡಲು ಈ ಯಂತ್ರಕ್ಕೆ ಜಾಗವಿಲ್ಲ, ಅವನ್ನು ಅದು ಸೊನ್ನೆಯೆಂದೇ ಬಗೆಯುತ್ತದೆ. 2ರ −400ನೆಯ ಘಾತ ಎಷ್ಟೆಂದು ಕೇಳಿದರೆ ಅದು 0 ಎಂದು ಸ್ವಲ್ಪವೂ ಅಳುಕದೆ ಉತ್ತರಿಸುತ್ತದೆ. ಒಳಗೆ ಹದಿನೈದು ಅಂಕಿಗಳಲ್ಲಿ ಲೆಕ್ಕ ಮಾಡಿ, ಹತ್ತು ಅಂಕಿಗಳನ್ನು ತೋರಿಸುವ ಯಂತ್ರದ ಮೇಲೆ ಇದು ದೂರಲ್ಲ. ಆದರೆ ಘಾತಾಂಕದ ಸಮೀಕರಣಗಳಲ್ಲಿ ಸೊನ್ನೆಯ ಆಸುಪಾಸಿನಲ್ಲಿ ಅದು ಹೇಳುವುದನ್ನು ಅರೆಮನಸ್ಸಿನಿಂದ ಕೇಳಿಸಿಕೊಳ್ಳುವುದು ಕ್ಷೇಮ.

ಯಾರು ಇದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಬರೋಣ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಗಣಿತ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರಿಗೆ ಅವಕಾಶವಿಲ್ಲ. ಅಲ್ಲಿ ಅಂಕ ಬರುವುದು ಹಂತಗಳಿಗೆ. ಸಾಲ್ವ್ ಕೊಡುವ ದಶಮಾಂಶಕ್ಕೆ ಹಂತಗಳಿರುವುದಿಲ್ಲ, ಲಾಗ್ 20ನ್ನು ಲಾಗ್ 3ರಿಂದ ಭಾಗಿಸಿದ್ದು ಎಂಬ ನಿಖರ ರೂಪವನ್ನೂ ಅದು ತೋರಿಸುವುದಿಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಉಡುಗೊರೆಯಾಗಿ ಇದನ್ನು ಕೊಡಿಸುವ ಪೋಷಕರು ಇದನ್ನು ಗಮನಿಸಬೇಕು. ಪ್ರೋಗ್ರಾಮ್ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರಿಗೆ ಅವಕಾಶವಿರುವ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಪರೀಕ್ಷೆಗಳಿಗೆ ಇದು ಖಂಡಿತವಾಗಿ ತಕ್ಕ ಯಂತ್ರ. ಮ್ಯಾಟ್ರಿಕ್ಸ್, ಸಮ್ಮಿಶ್ರ ಸಂಖ್ಯೆ ಮೊದಲಾದ ಬೇರೆ ಕಾರಣಗಳಿಗಾಗಿಯಾದರೂ ಅಲ್ಲಿ ಇದು ಬೇಕಾಗುತ್ತದೆ. ಬಿಸಿಲು ಅಥವಾ ಟ್ಯೂಬ್‌ಲೈಟಿನ ಬೆಳಕಿನ ಜೊತೆಗೆ ಒಂದು ಚಿಕ್ಕ ಬಟನ್ ಸೆಲ್ಲಿನಿಂದಲೂ ನಡೆಯುವುದರಿಂದ ಪರೀಕ್ಷೆಯ ನಡುವೆ ಕಣ್ಣು ಮುಚ್ಚುವ ಭಯ ಕಡಿಮೆ. ಆದರೆ ಅದೇ ವಿದ್ಯಾರ್ಥಿ ಮುಂದೆ ಇಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಗೆ ಕೂರುವಾಗ ತನ್ನ ಯಂತ್ರವನ್ನು ಹೊರಗೇ ಬಿಟ್ಟು, ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸಿನಿಂದ ಒತ್ತಬೇಕಾಗುತ್ತದೆ. ಅದರಲ್ಲಿ ಲಾಗ್ ಇದೆ, ಸಾಲ್ವ್ ಇಲ್ಲ. ನಾಲ್ಕು ವರ್ಷ ಸಾಲ್ವ್‌ಗೆ ಒಗ್ಗಿದ ಕೈಗೆ ಅಲ್ಲಿ ಆಗುವ ತಬ್ಬಿಬ್ಬನ್ನು ಊಹಿಸಬಹುದು.

ಇದಕ್ಕಿಂತ ಹೊಸದಾದ ಎಫ್‌ಎಕ್ಸ್-991ಇಎಕ್ಸ್ ಮಾದರಿಯ ಪರದೆ ಹೆಚ್ಚು ಸ್ಪಷ್ಟವಾಗಿದೆ, ಫಂಕ್ಷನ್‌ಗಳ ಸಂಖ್ಯೆ 552ಕ್ಕೆ ಏರಿದೆ. ಅದು ತೋರಿಸುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಸಮೀಕರಣದ ನಕ್ಷೆಯನ್ನೂ ನೋಡಬಹುದು. 2^ಕ್ಷ ಮತ್ತು ಕ್ಷ² ರೇಖೆಗಳು ಮೂರು ಕಡೆ ಸಂಧಿಸುವುದನ್ನು ಕಣ್ಣಾರೆ ಕಾಣಲು ಅದು ಉತ್ತಮ, ಮನೆಯಲ್ಲಿ ಕಲಿಯುವಾಗ ಮಾತ್ರ. ಪರೀಕ್ಷಾ ಕೊಠಡಿಗೆ ಫೋನ್ ಬರುವುದಿಲ್ಲ. ಸಾಲ್ವ್‌ನ ಮೂಲ ಸ್ವಭಾವ ಅಲ್ಲೂ ಅದೇ ಆದ್ದರಿಂದ, ಘಾತಾಂಕದ ಲೆಕ್ಕವೊಂದಕ್ಕಾಗಿ ಹೆಚ್ಚಿನ ಹಣ ಕೊಡುವುದನ್ನು ನಾನು ಸಮರ್ಥಿಸಲಾರೆ. ಹಣ ಉಳಿಸಬೇಕೆನ್ನುವವರಿಗೆ ಇದೇ ಕಂಪನಿಯ ಎಫ್‌ಎಕ್ಸ್-82ಎಂಎಸ್ ಇದೆ. ಅದರಲ್ಲಿ ಸಾಲ್ವ್ ಇಲ್ಲ, ಬೇಕಾದ ಆಧಾರವನ್ನು ತುಂಬುವ ಚೌಕವೂ ಇಲ್ಲ. ಆದರೆ 10ನ್ನು ಆಧಾರವಾಗಿಟ್ಟ ಲಾಗ್ ಇದೆ. ಯಾವ ಆಧಾರದ ಲಾಗ್ ಆದರೂ ಎರಡು ಸಾಧಾರಣ ಲಾಗ್‌ಗಳ ಭಾಗಲಬ್ಧವೇ ಆಗಿರುವುದರಿಂದ ಮೇಲೆ ಹೇಳಿದ ನೇರ ಸಮೀಕರಣಗಳೆಲ್ಲವೂ ಅದರಲ್ಲಿ ಒಂದು ಭಾಗಾಕಾರ ಹೆಚ್ಚಿಗೆ ಮಾಡಿದರೆ ಮುಗಿಯುತ್ತವೆ.

ಇನ್ನೂ ಕೆಳಗಿಳಿದು ನೋಡಿದರೆ, ಲಾಗ್ ಗುಂಡಿಯೇ ಇಲ್ಲದ ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲೂ ಇದು ಸಾಧ್ಯ. ಸಿಎ ಫೌಂಡೇಶನ್ ಪರೀಕ್ಷೆಯಲ್ಲಿ ಘಾತಾಂಕ ಮತ್ತು ಲಾಗ್‌ಗಳ ಅಧ್ಯಾಯವಿದೆ, ಆದರೆ ಒಳಗೆ ಬಿಡುವುದು ಹನ್ನೆರಡು ಅಂಕಿಗಳ, ಆರು ಫಂಕ್ಷನ್ ಮೀರದ ಯಂತ್ರವನ್ನು ಮಾತ್ರ. ಆ ವಿದ್ಯಾರ್ಥಿಗಳು ವರ್ಗಮೂಲದ ಗುಂಡಿಯನ್ನು 13 ಸಲ ಒತ್ತಿ, 1ನ್ನು ಕಳೆದು, 3558ರಿಂದ ಗುಣಿಸಿ ಲಾಗ್ ಪಡೆಯುವ ಉಪಾಯವನ್ನು ಬಾಯಿಪಾಠ ಮಾಡಿರುತ್ತಾರೆ. 2ಕ್ಕೆ ಹೀಗೆ ಮಾಡಿದರೆ 0.30106 ಬರುತ್ತದೆ, ನಿಜವಾದ ಬೆಲೆ 0.30103. ಆದರೆ ಅಜ್ಞಾತ ಘಾತಾಂಕವನ್ನು ಕಂಡುಹಿಡಿಯುವಾಗ ನಮಗೆ ಬೇಕಿರುವುದು ಎರಡು ಲಾಗ್‌ಗಳ ಅನುಪಾತ ಮಾತ್ರ, ಹಾಗಾಗಿ ಆ 3558 ಮೇಲೂ ಕೆಳಗೂ ಬಂದು ಹೊಡೆದುಹೋಗುತ್ತದೆ. ಅದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಕಿಸಾನ್ ವಿಕಾಸ್ ಪತ್ರದ ಲೆಕ್ಕಕ್ಕೆ 2ರ ಮೇಲೆ 13 ಸಲ ವರ್ಗಮೂಲ ಒತ್ತಿ 1ನ್ನು ಕಳೆದರೆ 0.0000846163, 1.075ರ ಮೇಲೆ ಅಷ್ಟೇ ಸಲ ಒತ್ತಿ 1ನ್ನು ಕಳೆದರೆ 0.00000882824, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 9.585 ವರ್ಷ, ಅಂದರೆ ಮತ್ತದೇ 115 ತಿಂಗಳು.